ಚಿಲಕಣ್ಣನ ಐದು ವರ್ಷದ ಕರಾರು

ವಯಸ್ಸಾದ ಗೋಲ್‌ಕೀಪರ್‌ಗೆ ಹಾಕಿ ತಂಡದವರು ದೀರ್ಘಾವಧಿಯ ಕರಾರು ಕೊಡಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ದೊಡ್ಡ ದೊಡ್ಡ ಕ್ಲಬ್ಬಿನವರು ಡಾಕ್ಟರು, ಲಾಯರುಗಳನ್ನೆಲ್ಲ ಕೂರಿಸಿಕೊಂಡು ತಿಂಗಳುಗಟ್ಟಲೆ ಚರ್ಚಿಸುತ್ತಾರಂತೆ. ನಮ್ಮ ಕ್ಲಬ್ಬಿನಲ್ಲಿ ಅದು ಕ್ಷೌರದಂಗಡಿಯಲ್ಲಿ ತೀರ್ಮಾನವಾಯಿತು, ಅದೂ ಅರ್ಧ ಗಡ್ಡ ಹೆರೆಯುವಷ್ಟರಲ್ಲಿ. ನಾನು ಈ ತಂಡದ ಮ್ಯಾನೇಜರು. ಮ್ಯಾನೇಜರು ಅಂದರೆ ಏನೋ ಎಂತೋ ಅಂದುಕೊಳ್ಳಬೇಡಿ. ವಿರಾಮದ ಹೊತ್ತಿಗೆ ನಿಂಬೆಹಣ್ಣು ಹೆಚ್ಚಿಡುವುದು, ಒದ್ದೆ ಸಾಕ್ಸುಗಳನ್ನು ತಂತಿಯ ಮೇಲೆ ಹರವುವುದು, ಸೋತರೆ ಬೈಸಿಕೊಳ್ಳುವುದು, ಗೆದ್ದರೆ ಫೋಟೋ ತೆಗೆಯುವುದು. ಫೋಟೋದಲ್ಲಿ ನಾನು ಎಲ್ಲೂ ಇಲ್ಲ. ಇರಲಿ ಬಿಡಿ, ಅದು ಬೇರೆ ವಿಷಯ.

ತಂಡ ಒಂದು ಹಾಸಿಗೆ ಕಾರ್ಖಾನೆಯದು. ಕಾರ್ಖಾನೆಯ ಯಜಮಾನರೇ ಕ್ಲಬ್ಬಿನ ಅಧ್ಯಕ್ಷರು. ಆಟಗಾರರಿಗೆ ಒಂದೊಂದು ವರ್ಷದ ಕರಾರು, ಜೊತೆಗೆ ಕಾರ್ಖಾನೆಯಲ್ಲೊಂದು ಹಗುರ ಕೆಲಸ. ನಮ್ಮ ಗೋಲ್‌ಕೀಪರ್‌ನನ್ನು ಎಲ್ಲರೂ ಚಿಲಕ ಎನ್ನುತ್ತಿದ್ದರು. ಅವನು ನಿಂತರೆ ಗೋಲಿಗೆ ಚಿಲಕ ಹಾಕಿದಂತೆ ಎಂದು ಯಾರೋ ಒಂದು ಕಾಲದಲ್ಲಿ ಹೊಗಳಿದ್ದರಂತೆ. ಚಿಕ್ಕವರಿಗೆ ಚಿಲಕಣ್ಣ. ನಲವತ್ತು ದಾಟಿದ ಮೇಲೆ ಈ ಚಿಲಕ ಸ್ವಲ್ಪ ಸಡಿಲವಾಗಿತ್ತು, ನಿಜ. ಅವನು ಕೂತು ಏಳುವಾಗ ಮಂಡಿಯ ಲಟಕ್ಕೆಂಬ ಸದ್ದು ಮೈದಾನದ ಮಧ್ಯದವರೆಗೂ ಕೇಳಿಸುತ್ತಿತ್ತು. ಬಾಯಿ ಮಾತ್ರ ಗಟ್ಟಿಯಾಗಿತ್ತು.

ಹಾಕಿಯಲ್ಲಿ ಗೋಲ್‌ಕೀಪರ್ ಕೂಗುತ್ತಲೇ ಇರಬೇಕು. ಇಡೀ ಮೈದಾನ ಕಣ್ಣಿಗೆ ಬೀಳುವುದು ಅವನೊಬ್ಬನಿಗೇ. ಎಡಕ್ಕೆ ಹೋಗು, ಅವನನ್ನು ತಡಿ, ಹಿಂದೆ ಬಾ ಎಂದು ಮುಂದಿರುವವರನ್ನು ನಡೆಸುವುದು ಅವನ ಕೆಲಸ. ಚಿಲಕ ಈ ಕೆಲಸವನ್ನು ಅಗತ್ಯಕ್ಕಿಂತ ಹೆಚ್ಚು ನಿಷ್ಠೆಯಿಂದ ಮಾಡುತ್ತಿದ್ದ. ಚೆಂಡು ಆ ತುದಿಯಲ್ಲಿದ್ದಾಗಲೂ ಅವನ ಬಾಯಿಗೆ ಬಿಡುವಿಲ್ಲ. "ಎಡಕ್ಕೆ, ಎಡಕ್ಕೆ! ಲೋ, ನಿಮ್ಮಮ್ಮಂಗೆ ಜ್ವರ ಬಿಡ್ತೇನೋ? ಹಿಂದೆ ನೋಡು ಹಿಂದೆ! ಹೊಸ ಬೂಟಾ? ಕಚ್ಚಲ್ವಾ?" ಎದುರಾಳಿಗಳನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಎದುರು ತಂಡದ ಫಾರ್ವರ್ಡ್ ಒಬ್ಬ ಎಲ್ಲರನ್ನೂ ದಾಟಿ, ಒಬ್ಬನೇ ನುಗ್ಗಿ ಬಂದು, ಹೊಡೆಯಲು ಸ್ಟಿಕ್ ಎತ್ತಿದ. ಚಿಲಕ ಮುಖ ಅರಳಿಸಿ, "ಬಾಪ್ಪ ಬಾ, ಎಷ್ಟು ದಿನ ಆಯ್ತು ನೋಡಿ! ಮಗು ಆಯ್ತಂತೆ?" ಎಂದ. ಆ ಪುಣ್ಯಾತ್ಮ "ಹೂಂ ಅಣ್ಣ, ಹೆಣ್ಣು" ಎಂದು ಹೇಳಿ ಮುಗಿಸುವಷ್ಟರಲ್ಲಿ ಚೆಂಡು ಗೋಲಿನ ಪಕ್ಕದಿಂದ ಆಚೆ ಹೋಗಿತ್ತು. ಅಂಪೈರು ವಿಸಿಲನ್ನು ಬಾಯಿಗಿಟ್ಟುಕೊಂಡು, ಕ್ಷೇಮಸಮಾಚಾರ ವಿಚಾರಿಸುವುದು ಯಾವ ನಿಯಮದ ಪ್ರಕಾರ ತಪ್ಪು ಎಂದು ಯೋಚಿಸುತ್ತಾ ನಿಂತುಬಿಟ್ಟರು.

ಮೈದಾನ ಬಿಟ್ಟರೆ ಅವನಿಗೆ ಮಾತಾಡಲು ಜನವಿರಲಿಲ್ಲ. ಕಾರ್ಖಾನೆಯಲ್ಲಿ ಅವನ ಜಾಗ ಗೋದಾಮು. ಸೂರು ಮುಟ್ಟುವಂತೆ ಪೇರಿಸಿದ ಹಾಸಿಗೆಗಳ ನಡುವೆ ಒಂದು ಸ್ಟೂಲು. ಅಲ್ಲಿ ಎಷ್ಟು ಜೋರಾಗಿ ಕೂಗಿದರೂ ಹಾಸಿಗೆಗಳು ದನಿಯನ್ನು ನುಂಗಿಬಿಡುತ್ತವೆ. ನಾನೇ ಒಂದು ಸಲ ಅಲ್ಲಿ ಸೀನಿದ್ದೇನೆ, ನನಗೇ ಕೇಳಿಸಲಿಲ್ಲ. ಮನೆ ಎಂದರೆ ಓನರಮ್ಮನ ಮಹಡಿ ಮೇಲಿನ ಒಂದು ರೂಮು: ಮಂಚ, ಸ್ಟೌ, ಗೂಟಕ್ಕೆ ನೇತುಹಾಕಿದ ಅಂಗಿ, ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ತಾಯಿ ಹೋದ ಮೇಲೆ ಅಲ್ಲಿ ಅವನೊಬ್ಬನೇ. ಮದುವೆ ಈ ವರ್ಷ, ಬರುವ ವರ್ಷ ಎನ್ನುತ್ತಲೇ ತಪ್ಪಿಹೋಗಿತ್ತು. ದೂರದಲ್ಲಿ ಒಬ್ಬಳು ಅಕ್ಕ ಇದ್ದಳು, ವರ್ಷಕ್ಕೊಂದು ಸಲ ಫೋನು ಮಾಡಿ, "ಆರೋಗ್ಯವಾ?" ಎಂದು ಕೇಳಿ, ಉತ್ತರ ಬರುವ ಮೊದಲೇ "ಸರಿ, ಇಡ್ತೀನಿ" ಎನ್ನುತ್ತಿದ್ದಳು. ದಿನವಿಡೀ ಕೂಡಿಟ್ಟ ಮಾತನ್ನೆಲ್ಲ ಚಿಲಕ ಸಂಜೆ ಮೈದಾನದಲ್ಲಿ ಖಾಲಿ ಮಾಡುತ್ತಿದ್ದ. ಇದು ನಮಗ್ಯಾರಿಗೂ ಹೊಳೆದಿರಲಿಲ್ಲ. ಬಾಯಿಬಡುಕ ಎಂದುಕೊಂಡು ನಕ್ಕಿದ್ದೆವು, ಅಷ್ಟೆ.

ಆ ವರ್ಷದ ಕರಾರು ಮುಗಿಯುತ್ತಾ ಬಂದಾಗ ಚಿಲಕ ಗಡ್ಡ ಹೆರೆಸಿಕೊಳ್ಳಲು ಕೂತಿದ್ದ. ಕ್ಷೌರಿಕ ನೊರೆ ಹಚ್ಚಿದ ಕೆನ್ನೆಗೆ ಕತ್ತಿಯಿಡುತ್ತಾ, ಬೆಂಚಿನ ಮೇಲೆ ಕಾಯುತ್ತಿದ್ದವರಿಗೆಲ್ಲ ಕೇಳುವಂತೆ, "ಏನಣ್ಣ, ಈ ಸಲಕ್ಕೆ ಮುಗೀತಂತಲ್ಲ? ಇನ್ನೇನು, ಮನೇಲಿ ರೆಸ್ಟು!" ಎಂದ. ಬೆಂಚಿನವರು ಅಯ್ಯೋ ಪಾಪ ಎಂಬ ಮುಖ ಮಾಡಿದರು. ಒಬ್ಬರಂತೂ ಓದುತ್ತಿದ್ದ ಪೇಪರನ್ನು ಮಡಿಚಿಟ್ಟೇ ಮರುಕಪಟ್ಟರು. ಕುತ್ತಿಗೆಯ ಮೇಲೆ ಕತ್ತಿಯಿದ್ದಾಗ ಮನುಷ್ಯ ಸತ್ಯ ಹೇಳುತ್ತಾನೆ ಎಂದು ನಾನು ನಂಬಿದ್ದೆ. ಚಿಲಕ ಹೇಳಲಿಲ್ಲ.

"ಮುಗಿಯೋದಾ? ಯಾರ್ ಹೇಳಿದ್ದು? ಐದು ವರ್ಷಕ್ಕೆ ಕಾಂಟ್ರಾಕ್ಟ್ ಕೊಡ್ತಿದ್ದಾರೆ."

"ಐದು ವರ್ಷ!" ಕ್ಷೌರಿಕನ ಕತ್ತಿ ನಿಂತಿತು.

"ಆರು ಕೊಡ್ತೀವಿ ಅಂದ್ರು. ನಾನೇ ಬೇಡ ಅಂದೆ."

ಮಾರನೆಯ ದಿನ ಅದೇ ಕುರ್ಚಿಯಲ್ಲಿ ನಮ್ಮ ಅಧ್ಯಕ್ಷರು ಕೂತರು. ಕ್ಷೌರಿಕ ಅವರ ತಲೆಗೆ ನೀರು ಚಿಮುಕಿಸುತ್ತಾ, "ದೊಡ್ಡ ಮನಸ್ಸು ಸಾರ್ ನಿಮ್ಮದು. ಚಿಲಕಣ್ಣಂಗೆ ಐದು ವರ್ಷ ಕೊಟ್ರಂತೆ" ಎಂದ. ತಮ್ಮ ಕ್ಲಬ್ಬಿನ ಸಂಗತಿ ಕ್ಷೌರಿಕನಿಗೆ ಗೊತ್ತು, ತಮಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಆಸಾಮಿಯಲ್ಲ ಅವರು. "ಹೂಂ, ಹೂಂ. ಯೋಚನೆ ಮಾಡೇ ಕೊಟ್ಟಿದ್ದು" ಎಂದು ಗಂಭೀರವಾಗಿ ಕಣ್ಣು ಮುಚ್ಚಿಕೊಂಡರು. ಕಾರು ಹತ್ತಿದವರೇ ಕಾರ್ಯದರ್ಶಿಗೆ ಫೋನು ಮಾಡಿದರು. "ಏನ್ರೀ, ಗೋಲ್‌ಕೀಪರ್‌ದು ಆ ಐದು ವರ್ಷದ ವಿಷ್ಯ ಎಲ್ಲಿಗೆ ಬಂತು?"

ನಮ್ಮ ಕಾರ್ಯದರ್ಶಿ ಹುಟ್ಟಿದಾಗಿನಿಂದ 'ಯಾವ ವಿಷಯ ಸಾರ್' ಎಂದು ಕೇಳಿದವರಲ್ಲ. "ಎಲ್ಲಾ ರೆಡಿ ಮಾಡ್ತಿದ್ದೀನಿ ಸಾರ್" ಎಂದರು. ಇದು ಕಾರ್ಯದರ್ಶಿಯ ತೀರ್ಮಾನವೆಂದು ಅಧ್ಯಕ್ಷರು ತಿಳಿದರು, ಅಧ್ಯಕ್ಷರ ತೀರ್ಮಾನವೆಂದು ಕಾರ್ಯದರ್ಶಿ ತಿಳಿದರು. ಸಂಜೆ ಕಾರ್ಯದರ್ಶಿ ನನ್ನ ಹತ್ತಿರ ಬಂದು, "ನಿಮಗೆ ಗೊತ್ತೇ ಇರುತ್ತಲ್ಲ?" ಎಂದು ಕಣ್ಣು ಕಿರಿದು ಮಾಡಿದರು. ಗೊತ್ತಿಲ್ಲ ಅನ್ನಲು ನಾನೇನು ದಡ್ಡನೇ? "ಮೊದಲಿಂದಲೂ ಗೊತ್ತು" ಎಂದೆ. ಕೋಚ್‌ಗೆ ನಾನೇ ಹೋಗಿ ಹೇಳಿದೆ. ಅವರು "ಐಡಿಯಾ ಕೊಟ್ಟಿದ್ದೇ ನಾನು" ಎಂದರು. ಹೀಗೆ ಯಾರೂ ಮಾಡದ ತೀರ್ಮಾನಕ್ಕೆ ನಾವು ನಾಲ್ವರು ಜವಾಬ್ದಾರರಾದೆವು.

ಅತ್ತ ಚಿಲಕನ ಬೀದಿಯಲ್ಲಿ ಗದ್ದಲವೋ ಗದ್ದಲ. ಬರುವ ತಿಂಗಳು ರೂಮು ಖಾಲಿ ಮಾಡು ಎಂದಿದ್ದ ಓನರಮ್ಮ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. "ಏನಪ್ಪಾ, ನಮ್ಗೊಂದು ಮಾತು ಹೇಳ್ಬಾರ್ದಾ? ಐದು ವರ್ಷ ಅಂದ್ಮೇಲೆ ನೀನ್ಯಾಕೆ ಹೋಗ್ತೀಯ? ಇಲ್ಲೇ ಇರು. ಸುಣ್ಣ ಹೊಡಿಸ್ಕೊಡ್ತೀನಿ." ಎದುರುಮನೆಯ ದರ್ಜಿ, ಇಷ್ಟು ವರ್ಷ ತಲೆಯೆತ್ತಿ ನೋಡದವನು, ಅಂಗಿಗೆ ಅಳತೆ ಕೊಡು ಎಂದು ಟೇಪು ಹಿಡಿದು ಬಂದ. ಅಕ್ಕ ಫೋನು ಮಾಡಿದವಳು ಇಡಲೇ ಇಲ್ಲ. "ಶಾಲೆ ಲೈಬ್ರರಿಯಲ್ಲಿ ಕೆಲಸ ಮಾಡೋ ಹೆಣ್ಣು ಕಣೋ. ನಿಂಗಿಂತ ನಾಲ್ಕು ವರ್ಷ ಚಿಕ್ಕವಳು. ಐದು ವರ್ಷ ಗ್ಯಾರಂಟಿ ಅಂದ್ಮೇಲೆ ಅವರು ಒಪ್ದೆ ಏನ್ಮಾಡ್ತಾರೆ? ನೀನು ಆ ಮುರಿದ ಹಲ್ಲು ಒಂದು ಸರಿ ಮಾಡಿಸ್ಕೊ."

ಎರಡು ದಿನ ಬಿಟ್ಟು ಚಿಲಕ ಸಾಮಾನಿನ ಕೋಣೆಗೆ ನನ್ನನ್ನು ಹುಡುಕಿಕೊಂಡು ಬಂದ. ಮುಖ ಸಪ್ಪಗಿತ್ತು.

"ಸಾರ್, ಒಂದು ತಪ್ಪಾಗ್ಹೋಗಿದೆ. ಆ ಐದು ವರ್ಷ ಇದ್ಯಲ್ಲ..."

"ಗೊತ್ತು ಕಣಯ್ಯ. ಒಳ್ಳೇದಾಗ್ಲಿ."

"ಅಲ್ಲ ಸಾರ್. ಅದು ಸುಳ್ಳು. ಬಾಯಿಗೆ ಬಂತು, ಹೇಳ್ಬಿಟ್ಟೆ."

"ಸುಳ್ಳು ಹೇಗಾಗುತ್ತೆ? ಸಭೆ ಕರೆದಾಗಿದೆ. ನಾನು ಮೊದಲಿಂದಲೂ ಗೊತ್ತು ಅಂತ ಬೇರೆ ಹೇಳಿದ್ದೀನಿ. ಈಗ ನೀನು ಸುಳ್ಳು ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಅವನು ಪ್ಯಾಡುಗಳ ಪಕ್ಕ ಕೂತ. ಮಂಡಿ ಲಟಕ್ಕೆಂದಿತು. "ಎಲ್ರಿಗೂ ನಿಜ ಹೇಳ್ಬೇಕು ಅಂತಾನೇ ಇದ್ದೆ ಸಾರ್. ಆದ್ರೆ ಓನರಮ್ಮ ಬಂದು ಮಂಚದ ಮೇಲೆ ಕೂತ್ರು. ನಮ್ ರೂಮಲ್ಲಿ ಇನ್ನೊಬ್ರು ಕೂತಿದ್ದು ನೋಡಿ ಎಷ್ಟ್ ಕಾಲ ಆಗಿತ್ತು! ನಿಜ ಹೇಳಿದ್ರೆ ಎದ್ದು ಹೋಗ್ಬಿಡ್ತಾರೆ ಅನ್ನಿಸ್ತು. ಸುಮ್ನಾದೆ."

ನನಗೂ ಒಂಥರಾ ಆಯಿತು. ಆದರೆ ಮರ್ಯಾದೆಯ ಪ್ರಶ್ನೆ ನೋಡಿ. "ಸಭೆ ಮುಗಿಯೋವರೆಗೆ ಬಾಯಿ ಮುಚ್ಕೊಂಡಿರು" ಎಂದು ಕಳಿಸಿದೆ.

ಸಭೆ ಕಾರ್ಖಾನೆಯ ಶೋರೂಮಿನಲ್ಲಿ ನಡೆಯಿತು. ನಾವೆಲ್ಲ ಮಾರಾಟದ ಹಾಸಿಗೆಗಳ ಅಂಚಿನಲ್ಲಿ ಕೂತೆವು. ಒಬ್ಬರು ಮಾತಾಡಲು ಎದ್ದರೆ ಪಕ್ಕದವರೂ ಒಂದಿಷ್ಟು ಮೇಲೇಳುತ್ತಿದ್ದರು. ಕರಾರು ಕೊಡುವುದು ಯಾರಿಗೂ ಬೇಕಿರಲಿಲ್ಲ. ಆದರೆ ಉಳಿದ ಮೂವರಿಗೆ ಬೇಕಾಗಿದೆ ಎಂದು ಪ್ರತಿಯೊಬ್ಬರೂ ನಂಬಿದ್ದರಿಂದ ಎಲ್ಲರೂ ಆವೇಶದಿಂದ ಪರವಾಗಿ ವಾದಿಸಿದೆವು.

ಅಧ್ಯಕ್ಷರು ಶುರು ಮಾಡಿದರು. "ನಮ್ಮ ಹಾಸಿಗೆಗೇ ಐದು ವರ್ಷ ಗ್ಯಾರಂಟಿ ಕೊಡ್ತೀವಿ. ಮನುಷ್ಯನಿಗೆ ಕೊಡಕ್ಕಾಗಲ್ವಾ?"

"ಹಾಸಿಗೆಗೆ ಮಂಡಿ ಇರಲ್ಲ ಸಾರ್," ಎಂದರು ಕ್ಲಬ್ಬಿನ ಡಾಕ್ಟರು. ಕ್ಷೌರದಂಗಡಿಗೆ ಹೋಗದೆ ಮನೆಯಲ್ಲೇ ಗಡ್ಡ ಹೆರೆದುಕೊಳ್ಳುತ್ತಿದ್ದ ಅವರೊಬ್ಬರಿಗೆ ಈ ತೀರ್ಮಾನದ ಜವಾಬ್ದಾರಿ ಇರಲಿಲ್ಲ.

"ಮಂಡಿ ಹೋದ್ರೆ ಏನಂತೆ?" ಕೋಚ್ ಎದ್ದರು. "ಎದುರು ಬರೋ ಎಲ್ಲಾ ಫಾರ್ವರ್ಡ್‌ಗಳ ಹೆಂಡ್ತಿ ಮಕ್ಕಳ ಆರೋಗ್ಯ ಅವನಿಗೆ ಗೊತ್ತು. ಹೊಸಬನಿಗೆ ಅದನ್ನೆಲ್ಲ ಯಾರು ಕಲಿಸ್ತಾರೆ?"

"ಇನ್ನೆರಡು ವರ್ಷಕ್ಕೆ ಅವನು ಕೂತ್ರೆ ಏಳಕ್ಕಾಗಲ್ಲ ಸಾರ್."

"ಏಳ್ದಿದ್ರೆ ಒಳ್ಳೇದೇ ಆಯ್ತಲ್ಲ," ಎಂದರು ಅಧ್ಯಕ್ಷರು. "ಗೋಲ್ ಬಿಟ್ಟು ಎಲ್ಲೂ ಹೋಗಲ್ಲ."

"ಸರಿ. ಮೈದಾನದಲ್ಲಿ ಬಿದ್ದು ಕಾಲು ಮುರ್ಕೊಂಡ್ರೆ ಐದು ವರ್ಷ ಆಸ್ಪತ್ರೆ ಖರ್ಚು ನಿಮ್ದೇ, ತಿಳ್ಕೊಳಿ."

ಎಲ್ಲರೂ ಕಾಲ ಕೆಳಗಿನ ನೆಲ ನೋಡತೊಡಗಿದೆವು. ಕ್ಷೌರದಂಗಡಿಯಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಮುಂದಕ್ಕೆ ಒಯ್ಯಲು ಧೈರ್ಯವಿಲ್ಲ. ಆಗ ನಮ್ಮ ಕಾರ್ಯದರ್ಶಿಗೆ ಜೀವನದ ಮೊದಲ ಸ್ವಂತ ವಿಚಾರ ಹೊಳೆಯಿತು.

"ಸಾರ್, ಕಾಂಟ್ರಾಕ್ಟ್ ಕೊಡೋಣ. ಆಡ್ಸೋದು ಬೇಡ."

ಅದ್ಭುತ! ಸಂಬಳ ತಿಂಗಳು ತಿಂಗಳೂ ಮನೆಗೇ ಹೋಗುತ್ತದೆ. ಗೋದಾಮಿಗೂ ಬರಬೇಕಾಗಿಲ್ಲ. ಪೆಟ್ಟು ಗಿಟ್ಟು ಆಗಬಾರದಲ್ಲ, ಅದಕ್ಕೆ ಮೈದಾನದೊಳಗೆ ಕಾಲಿಡುವಂತಿಲ್ಲ. ಗೋಲಿಗೆ ಹೊಸ ಹುಡುಗನನ್ನು ತಂದರಾಯಿತು. ಅಧ್ಯಕ್ಷರ ಮಾತೂ ಉಳಿಯಿತು, ಚಿಲಕನ ಕಾಲೂ ಉಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಚಿಲಕನನ್ನು ಒಳಗೆ ಕರೆದರು. ಐದು ವರ್ಷ ಎಂದೊಡನೆ ಅವನ ಕಣ್ಣು ತುಂಬಿತು. ಉಳಿದದ್ದನ್ನು ಹೇಳಿದಾಗಲೂ ನಗುತ್ತಲೇ ಇದ್ದ, ತಲೆಗೆ ಹೋಗಿರಲಿಲ್ಲ.

"ಹಾಗಾದ್ರೆ ಪ್ರಾಕ್ಟೀಸ್ ಎಷ್ಟು ಗಂಟೆಗೆ ಸಾರ್?"

"ಪ್ರಾಕ್ಟೀಸಾ? ಬರೋದೇ ಬೇಡಪ್ಪ! ಆರಾಮಾಗಿ ಮನೇಲಿರು."

"ಸುಮ್ನೆ ಬಂದು ಒಂದ್ಕಡೆ ಕೂತಿರ್ತೀನಿ."

"ಚೆಂಡು ಬಂದು ತಗುಲಿದ್ರೆ? ಬೇಡ ಬೇಡ."

ಅಧ್ಯಕ್ಷರು ತಮ್ಮ ಕೈಯಾರೆ ಅವನಿಗೆ ಹೊಸ ಹಾಸಿಗೆಯೊಂದನ್ನು ಉಡುಗೊರೆ ಕೊಟ್ಟರು. ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ಇವನು. ನಾನು ಫೋಟೋ ತೆಗೆದೆ. ಅದರಲ್ಲಿ ಚಿಲಕ ಕ್ಯಾಮೆರಾ ಕಡೆ ನೋಡುತ್ತಿಲ್ಲ.

ಬೀದಿಯವರ ಸಂತೋಷ ಹೇಳತೀರದು. "ಕೂತು ತಿನ್ನೋ ಯೋಗ ಯಾರಿಗಪ್ಪಾ ಬರುತ್ತೆ!" ಎಂದು ದರ್ಜಿ ಹೊಟ್ಟೆಕಿಚ್ಚು ಪಟ್ಟ. ಓನರಮ್ಮ ಸುಣ್ಣ ಹೊಡೆಸಿದರು, ಬಾಡಿಗೆ ಐದು ವರ್ಷಕ್ಕೆ ಭದ್ರವಾದ ಮೇಲೆ ಮತ್ತೆ ಮೆಟ್ಟಿಲು ಹತ್ತುವ ಕಷ್ಟ ತೆಗೆದುಕೊಳ್ಳಲಿಲ್ಲ. ಲೈಬ್ರರಿಯ ಹೆಣ್ಣು ಬುದ್ಧಿವಂತೆ. ವರ ಏನು ಮಾಡುತ್ತಾನೆ ಎಂದು ವಿಚಾರಿಸಿದಳು. ಮನೆಯಲ್ಲಿರುತ್ತಾನೆ ಎಂದಳು ಅಕ್ಕ. ಸಂಜೆ? ಸಂಜೆಯೂ. "ಇಡೀ ದಿನ ಮನೇಲಿ ಕೂತಿರೋ ಗಂಡ ನಂಗೆ ಬೇಡ" ಎಂದು ಆಕೆ ಖಡಾಖಂಡಿತವಾಗಿ ಹೇಳಿಬಿಟ್ಟಳಂತೆ. ಅಕ್ಕನ ಫೋನು ಮತ್ತೆ ಹಳೆಯ ಅಳತೆಗೆ ಬಂತು.

ಮುಂದಿನ ಪಂದ್ಯದ ದಿನ ಚಿಲಕ ಮೈದಾನದೊಳಗೆ ಕಾಲಿಡಲಿಲ್ಲ, ಕರಾರನ್ನು ಚಾಚೂ ತಪ್ಪದೆ ಪಾಲಿಸಿದ. ತಂತಿ ಬೇಲಿಯ ಆಚೆ ರಸ್ತೆಯಲ್ಲಿ ನಿಂತು ಅಲ್ಲಿಂದಲೇ ಕೂಗಿದ. ಹೊಸ ಗೋಲ್‌ಕೀಪರ್ ಒಳ್ಳೆಯ ಹುಡುಗ, ಮಿತಭಾಷಿ. ಅವನು "ಬಲಕ್ಕೆ" ಎಂದ. ಬೇಲಿಯಾಚೆಯಿಂದ "ಎಡಕ್ಕೋ ಎಡಕ್ಕೋ, ನಿಮ್ಮಮ್ಮ ಹೇಗಿದ್ದಾರೆ?" ಎಂದು ಕೇಳಿಬಂತು. ಒಬ್ಬ ಡಿಫೆಂಡರ್ ಬಲಕ್ಕೆ ಓಡಿದ, ಇನ್ನೊಬ್ಬ ಎಡಕ್ಕೆ ಓಡಿದ, ಇಬ್ಬರ ತಲೆಗಳೂ ಮಧ್ಯದಲ್ಲಿ ಭೇಟಿಯಾದವು. ಚೆಂಡು ನೆಮ್ಮದಿಯಾಗಿ ಗೋಲಿನೊಳಕ್ಕೆ ಉರುಳಿಕೊಂಡು ಹೋಯಿತು. ಪೆಟ್ಟು ತಿಂದವನು ನೆಲದ ಮೇಲೆ ಬಿದ್ದುಕೊಂಡೇ "ಹುಷಾರಾಗಿದ್ದಾರೆ ಅಣ್ಣ" ಎಂದು ಉತ್ತರ ಕೊಟ್ಟ.

ಕಮಿಟಿ ಕೆಂಡವಾಯಿತು. ದನಿ ಕೇಳಿಸುವಷ್ಟು ಹತ್ತಿರ ನಿಂತು ಕೂಗಕೂಡದು ಎಂಬ ಹೊಸ ಷರತ್ತನ್ನು ಸೇರಿಸಿದರು. ಅದನ್ನು ಅವನಿಗೆ ಹೇಳಿಬರುವ ಕೆಲಸ ಯಾರಿಗೆ? ಮ್ಯಾನೇಜರಿಗೆ.

ಮಧ್ಯಾಹ್ನ ಅವನ ರೂಮಿಗೆ ಹೋದೆ. ನಾನು ಹೋಗಿದ್ದು ಅದೇ ಮೊದಲು. ಗೋಡೆಗಳು ಬೆಳ್ಳಗಿದ್ದವು. ಹೊಸ ಹಾಸಿಗೆಗೆ ಸುತ್ತಿದ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. ಯಾಕೋ ಎಂದರೆ, "ಯಾರಾದ್ರೂ ಬಂದಾಗ ಬಿಚ್ಚೋಣ ಅಂತ ಸಾರ್" ಎಂದ. ಅವನು ಎಲ್ಲಿಗೋ ಹೊರಟವನಂತೆ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಆದರೆ ಎಲ್ಲಿಗೂ ಹೊರಟಿರಲಿಲ್ಲ. ಟೀ ಮಾಡಿದ. ಕುಡಿದು ಏಳಹೋದರೆ ಇನ್ನೊಂದು ಟೀ ಇಟ್ಟ. ಅದನ್ನೂ ಕುಡಿದು ಎದ್ದರೆ, "ನಿಂಬೆಹಣ್ಣನ್ನ ಈಗಲೂ ನಾಲ್ಕು ಹೋಳು ಮಾಡ್ತೀರಾ ಸಾರ್, ಇಲ್ಲ ಎರಡೇನಾ?" ಎಂದು ಕೇಳಿದ. ನನ್ನ ಜೀವಮಾನದಲ್ಲಿ ಯಾರೂ ನನ್ನ ನಿಂಬೆಹಣ್ಣಿನ ಬಗ್ಗೆ ವಿಚಾರಿಸಿರಲಿಲ್ಲ. ಮತ್ತೆ ಕೂತೆ.

ಷರತ್ತಿನ ವಿಷಯ ಹೇಳಿದಾಗ ಅವನು ಎದ್ದ. ಗೂಟದ ಮೇಲಿನ ಚೀಲದಿಂದ ಕರಾರಿನ ಕಾಗದ ತೆಗೆದು ನನ್ನ ಕೈಯಲ್ಲಿಟ್ಟ.

"ಇದನ್ನ ವಾಪಸ್ ಕೊಟ್ಬಿಡಿ ಸಾರ್."

"ಹುಚ್ಚು ಹಿಡಿದಿದ್ಯೇನಯ್ಯ? ಐದು ವರ್ಷ ಕೂತ್ಕೊಂಡು ಸಂಬಳ! ಜನ ಸಾಯ್ತಾರೆ ಇದಕ್ಕೆ."

"ನಂಗೆ ಬೇಜಾರಾಗುತ್ತೆ ಸಾರ್. ತುಂಬ ಬೇಜಾರಾಗುತ್ತೆ. ಬೆಳಗ್ಗೆ ಹೇಗೋ ಕಳೆಯುತ್ತೆ. ಸಂಜೆ ಆಗ್ತಿದ್ದ ಹಾಗೆ ಹೆದರಿಕೆ. ನಿನ್ನೆ ಇಡೀ ದಿನ ನಾನು ಒಂದು ಮಾತೂ ಆಡಿಲ್ಲ. ರಾತ್ರಿ ಗಂಟಲು ಇದ್ಯೋ ಇಲ್ವೋ ನೋಡೋಣ ಅಂತ ಸುಮ್ನೆ 'ಎಡಕ್ಕೆ' ಅಂದೆ. ಕೆಳಗಡೆಯಿಂದ ಓನರಮ್ಮ 'ಏನದು ಗಲಾಟೆ' ಅಂದ್ರು. ಅಷ್ಟಾದ್ರೂ ಅಂದ್ರಲ್ಲ ಅಂತ ಖುಷಿಯಾಯ್ತು." ನನ್ನ ಖಾಲಿ ಲೋಟ ಎತ್ತಿಟ್ಟು, "ಸಂಬಳ ಬೇಡ ಸಾರ್. ಪ್ರಾಕ್ಟೀಸಲ್ಲಿ ಹುಡುಗರು ಗೋಲ್ ಹೊಡೀಬೇಕಾದ್ರೆ ಅಡ್ಡ ಯಾರಾದ್ರೂ ನಿಲ್ಬೇಕಲ್ಲ, ನಾನು ನಿಲ್ತೀನಿ. ಪೆಟ್ಟಾದ್ರೆ ನಂದು" ಎಂದ.

ನಾನು ಕಾಗದ ಹಿಡಿದುಕೊಂಡು ಅಧ್ಯಕ್ಷರ ಹತ್ತಿರ ಹೋದೆ. ಜಗಳವಾಡಿಕೊಂಡೇ ಹೋದೆ ಅನ್ನಿ, ಆದರೆ ದಾರಿಯಲ್ಲಿ, ಒಬ್ಬನೇ. ಅವರೆದುರು ನಿಂತಾಗ ಬಾಯಿಗೆ ಬಂದದ್ದು "ಸಾರ್, ಆ ವಿಷ್ಯ" ಎಂಬುದಷ್ಟೇ. ಅವರು ಕರಾರನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟು ವರ್ಷದ ವ್ಯಾಪಾರದಲ್ಲಿ, ಗ್ಯಾರಂಟಿ ಇರೋವಾಗ್ಲೇ ವಾಪಸ್ ಬಂದ ಮೊದಲ್ನೇ ಮಾಲು ಕಣ್ರೀ ಇದು" ಎಂದು ಬಹಳ ನೊಂದುಕೊಂಡರು. ಕಾರ್ಯದರ್ಶಿ ತಾವು ಮೊದಲೇ ಹೀಗಾಗುತ್ತದೆಂದು ಊಹಿಸಿದ್ದಾಗಿ ಹೇಳಿದರು. ಕೋಚ್ ಮಾತ್ರ ತಲೆ ಕೆರೆದುಕೊಂಡು, ಪೆನಾಲ್ಟಿ ಕಾರ್ನರ್ ಹೊಡೆಯುವ ಅಭ್ಯಾಸಕ್ಕೆ ಹೊಸ ಹುಡುಗನನ್ನು ನಿಲ್ಲಿಸಿ ಕೈಕಾಲು ಮುರಿಸುವುದಕ್ಕಿಂತ ಇವನೇ ವಾಸಿ ಎಂದರು. ಗೋದಾಮಿನ ಸ್ಟೂಲು ದಿನಗೂಲಿಯ ಮೇಲೆ ವಾಪಸ್ ಸಿಕ್ಕಿತು. ಸುದ್ದಿ ತಿಳಿದ ಓನರಮ್ಮ ಮತ್ತೆ ಮೆಟ್ಟಿಲು ಹತ್ತಿ ಬಂದು, ಮಂಚದ ಮೇಲೆ ಕೂತು, ಮನಸಾರೆ ಬೈದರಂತೆ. ಚಿಲಕ ಹಾಸಿಗೆಯ ಪ್ಲಾಸ್ಟಿಕ್ ಬಿಚ್ಚಿ, ಅವರ ಬೈಗುಳ ಮುಗಿಯುವವರೆಗೂ ಟೀ ಮಾಡಿ ಮಾಡಿ ಕೊಟ್ಟನಂತೆ.

ಮೈದಾನಕ್ಕೆ ಬರಬಹುದೆಂದು ಹೇಳಲು ನಾನೇ ಗೋದಾಮಿಗೆ ಹೋದೆ. ಹಾಸಿಗೆಗಳ ನಡುವೆ ಅವನು ಕೂತಿದ್ದ. ಅಲ್ಲಿ ಮಾತು ಕೇಳಿಸುವುದಿಲ್ಲವಾದ್ದರಿಂದ ತೀರಾ ಹತ್ತಿರ ಹೋಗಿ ಹೇಳಬೇಕಾಯಿತು.

"ನಾಳೆಯಿಂದ ಬಾ. ಕೋಚ್ ಒಪ್ಪಿದ್ದಾರೆ. ಸಂಬಳ ಗಿಂಬಳ ಏನಿಲ್ಲ, ನೋಡ್ಕೊ."

"ಎಷ್ಟು ಗಂಟೆಗೆ ಸಾರ್?"

"ಐದಕ್ಕೆ."

"ನಾಲ್ಕಕ್ಕೇ ಬಂದ್ಬಿಡ್ಲಾ?"

"ನಾಲ್ಕಕ್ಕೆ ಅಲ್ಲಿ ಯಾರೂ ಇರಲ್ಲ ಕಣಯ್ಯ. ಒಬ್ಬನೇ ಏನ್ಮಾಡ್ತೀಯ?"

"ಪರವಾಗಿಲ್ಲ ಸಾರ್. ಒಬ್ಬನೇ ಇರೋದು ಅಭ್ಯಾಸ ಇದೆ. ಅಲ್ಲಾದ್ರೆ, ಐದಕ್ಕೆ ಎಲ್ರೂ ಬರ್ತಾರೆ ಅಂತ ಗೊತ್ತಿರುತ್ತೆ."